ಮ್ಯಾಪಿನಲ್ಲಿ ನಿಂತುಹೋದ ಜಾಗ

ಕಳೆದ ಲೋಕಸಭೆ ಚುನಾವಣೆಯಲ್ಲಿ ನನ್ನ ಕೆಲಸ ಸುದ್ದಿ ಬರೆಯುವುದಾಗಿರಲಿಲ್ಲ. ಸುದ್ದಿ ಬರೆಯುವವರನ್ನು ಬೆಳಿಗ್ಗೆ ಕಳಿಸಿ, ಸಂಜೆ ಅವರವರ ಮನೆ ಸೇರಿದರೇ ಎಂದು ನೋಡಿಕೊಳ್ಳುವುದಾಗಿತ್ತು. ಅದರ ಹಿಂದಿನ ಚುನಾವಣೆಯಲ್ಲಿ ಮಾಲೂರಿನ ಕಡೆ ಒಬ್ಬ ಛಾಯಾಗ್ರಾಹಕನ ಕ್ಯಾಮೆರಾ ಒಡೆದು, ಕೈಯನ್ನೂ ಮುರಿದು ಕಳಿಸಿದ್ದರು. ಆಗ ಎಲ್ಲ ಪತ್ರಿಕೆಗಳೂ ಖಂಡಿಸಿ, ಮನವಿ ಕೊಟ್ಟು, ಮರೆತೂ ಬಿಟ್ಟಿದ್ದವು. ಈ ಸಲ ಹಾಗಾಗಬಾರದು, ಯಾರಾದರೂ ಒಬ್ಬರು ಇದೊಂದನ್ನೇ ನೋಡಿಕೊಳ್ಳಲಿ ಎಂದು ಕೋಲಾರದ ವರದಿಗಾರರೆಲ್ಲ ಸೇರಿ ತೀರ್ಮಾನಿಸಿದರು. ನಾನು ಒಂದು ಜಿಲ್ಲಾ ಪತ್ರಿಕೆಯ ಡೆಸ್ಕಿನಲ್ಲಿ ಕೂತು ತಾಲ್ಲೂಕಿನವರ ಬರಹ ತಿದ್ದುವವಳು. ಎಲ್ಲರನ್ನೂ ಗದರಿಸುವ ಅಭ್ಯಾಸ ಮೊದಲಿಂದಲೂ ಇತ್ತಾದ್ದರಿಂದ ನನ್ನ ಹೆಸರೇ ಬಂತು.

ನಾನು ಮಾಡಿಕೊಂಡ ವ್ಯವಸ್ಥೆ ಸರಳವಾಗಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನಲ್ಲಿ ಯಾರೇ ಹಳ್ಳಿಗೆ ಹೊರಟರೂ ಫೋನಿನಲ್ಲಿ ತಮ್ಮ ಲೈವ್ ಲೊಕೇಶನ್ ನನಗೆ ಕಳಿಸಬೇಕು. ಆದಷ್ಟೂ ಇಬ್ಬರು ಸೇರಿ ಹೋಗಬೇಕು. ಗಾಡಿಯ ಮೇಲಿನ ‘ಪ್ರೆಸ್’ ಸ್ಟಿಕ್ಕರ್ ಕಿತ್ತುಹಾಕಬೇಕು, ಆದರೆ ಪಾಸು ಜೇಬಿನಲ್ಲಿರಬೇಕು. ಚಿತ್ರ ತೆಗೆದ ತಕ್ಷಣ ಒಂದು ಪ್ರತಿ ನನಗೆ ಬರಬೇಕು, ಫೋನು ಕಿತ್ತುಕೊಂಡರೂ ಚಿತ್ರ ಉಳಿಯಲಿ ಎಂದು. ಮ್ಯಾಪಿನ ಮೇಲೆ ಅವರವರ ಪುಟ್ಟ ಮುಖಗಳು ಓಡಾಡುವುದನ್ನು ನೋಡುತ್ತ ಕೂತಿರುತ್ತಿದ್ದೆ. ಒಂದು ಮುಖ ವೇಮಗಲ್ ಕಾರ್ಖಾನೆಗಳ ನಡುವೆ, ಇನ್ನೊಂದು ಶಿವಾರಪಟ್ಟಣದಲ್ಲಿ, ಮತ್ತೊಂದು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ. ಈ ವ್ಯವಸ್ಥೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಅಧಿಕಾರಿಗಳ ಸಭೆಯಲ್ಲಿ ಎದ್ದು ನಿಂತು, ನಮ್ಮವರು ಎಲ್ಲಿದ್ದಾರೆಂದು ನನಗೆ ಪ್ರತಿ ಕ್ಷಣವೂ ಗೊತ್ತಿರುತ್ತದೆ ಎಂದು ಹೇಳಿಯೂ ಇದ್ದೆ.

ನನಗೆ ಆಗದೇ ಇದ್ದದ್ದು ತಾಲ್ಲೂಕು ವರದಿಗಾರರ ಒಂದು ಹಳೆಯ ಪದ್ಧತಿ. ಒಬ್ಬ ಹೋಗಿ ಸುದ್ದಿ ಮಾಡಿದರೆ ಅದನ್ನು ತಾಲ್ಲೂಕಿನ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಉಳಿದವರು ಅದನ್ನೇ ತಮ್ಮ ತಮ್ಮ ಪತ್ರಿಕೆಗೆ ಕಳಿಸುತ್ತಾರೆ. ಒಬ್ಬನ ಮನೆಯಲ್ಲಿ ಮದುವೆ, ಇನ್ನೊಬ್ಬನ ಅಂಗಡಿಯಲ್ಲಿ ಗಿರಾಕಿ. ಪತ್ರಿಕೆ ಕೊಡುವ ಸಂಬಳದಲ್ಲಿ ಯಾರ ಹೊಟ್ಟೆಯೂ ತುಂಬದಿರುವುದರಿಂದ ಎಲ್ಲರಿಗೂ ಇನ್ನೊಂದು ಕಸುಬು ಇದ್ದೇ ಇರುತ್ತದೆ. ಹಾಗಾಗಿ ಬೆಳಿಗ್ಗೆ ಎದ್ದರೆ ಎಲ್ಲ ಪತ್ರಿಕೆಯಲ್ಲೂ ಅದೇ ವಾಕ್ಯ, ಅದೇ ಚಿತ್ರ. “ನಿಮ್ಮದೇನು ಸಾಮೂಹಿಕ ವಿವಾಹವೇನ್ರೀ?” ಎಂದು ಎಷ್ಟೋ ಸಲ ಬೈದಿದ್ದೇನೆ. ಇದಕ್ಕಿಂತ ದೊಡ್ಡ ತೊಂದರೆಯೆಂದರೆ ಆ ಗುಂಪಿನಲ್ಲಿ ಬರೀ ವರದಿಗಾರರಿರಲಿಲ್ಲ. ಪತ್ರಿಕಾ ಹೇಳಿಕೆ ಕಳಿಸಲು ಅನುಕೂಲವಾಗಲಿ ಎಂದು ಸೇರಿಸಿಕೊಂಡ ರಾಜಕಾರಣಿಗಳ ಪಿ.ಎ.ಗಳು, ಗುತ್ತಿಗೆದಾರರು, ಪೊಲೀಸ್ ಠಾಣೆಯವರು, ಎಲ್ಲರೂ ಇದ್ದರು.

ಮುಳಬಾಗಿಲಿನ ವರದಿಗಾರನಿಗೆ ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ನಲವತ್ತು ದಾಟಿದ, ತಲೆ ಬೋಳಾದ, ಮೆತ್ತಗಿನ ಮನುಷ್ಯ. ಆದರೆ ಮ್ಯಾಪಿನಲ್ಲಿ ಕಾಣುವ ಅವನ ಚಿತ್ರದಲ್ಲಿ ಮಾತ್ರ ಕಾಲೇಜು ದಿನಗಳ ದಟ್ಟ ಕೂದಲು. ಮತದಾನಕ್ಕೆ ಇನ್ನು ಕೆಲವೇ ದಿನವಿದ್ದಾಗ ಅವನು ಬೆಳಿಗ್ಗೆಯೇ ಫೋನು ಮಾಡಿದ. ಆವನಿಯಿಂದ ಆಚೆ ಒಂದು ಹಳ್ಳಿಯ ಕಾಲೋನಿಯಲ್ಲಿ ಯಾರೋ ಮನೆಮನೆಗೆ ಹೋಗಿ, ಹೊಸ ಯೋಜನೆಗೆ ಬೇಕು ಎಂದು ಸುಳ್ಳು ಹೇಳಿ ವೋಟರ್ ಕಾರ್ಡ್ ಕಲೆಹಾಕುತ್ತಿದ್ದಾರಂತೆ. ಮತದಾನದ ದಿನ ಹೇಳಿದ ಕಡೆ ವೋಟು ಹಾಕುವವರಿಗೆ ಮಾತ್ರ ಕಾರ್ಡು ವಾಪಸ್ಸು.

“ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ” ಎಂದೆ.

“ಎಲ್ಲಾ ರ‍್ಯಾಲಿಗೆ ಹೋಗವ್ರೆ ಮೇಡಂ. ಹಿಂಗ್ ಹೋಗಿ ಹಂಗ್ ಬಂದ್ಬಿಡ್ತೀನಿ.”

ಅವನ ದಟ್ಟ ಕೂದಲಿನ ಮುಖ ಹೆದ್ದಾರಿ ಬಿಟ್ಟು ಆವನಿಯ ಕಡೆ ತಿರುಗಿದ್ದನ್ನು, ಆವನಿ ದಾಟಿದ್ದನ್ನು ನೋಡಿದೆ. ಸ್ವಲ್ಪ ಹೊತ್ತಿಗೆ ಚಿತ್ರಗಳು ಬಂದವು. ಜಗುಲಿಯ ಮೇಲೆ ಇಬ್ಬರು ಕೂತಿದ್ದಾರೆ, ನಡುವೆ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟುಗಳು, ಮುಂದೆ ಸಾಲು ನಿಂತ ಹೆಂಗಸರು. ಮುಖಗಳು ನಿಚ್ಚಳವಾಗಿದ್ದವು. ಆದರೆ ಅವು ನನ್ನ ನಂಬರಿಗೆ ಬಂದಿರಲಿಲ್ಲ. ಬಂದದ್ದು ತಾಲ್ಲೂಕಿನ ಗುಂಪಿಗೆ. ವರ್ಷಾನುಗಟ್ಟಲೆಯ ಅಭ್ಯಾಸದಿಂದ ಬೆರಳು ತಾನಾಗಿ ಅಲ್ಲಿಗೇ ಹೋಗಿತ್ತು. ಕೆಳಗೆ ‘ಕಾಪಿ ಆಮೇಲೆ ಹಾಕ್ತೀನಿ’ ಎಂದು, ಅಂದರೆ ಸುದ್ದಿಯ ಬರಹ ಆಮೇಲೆ ಎಂದು, ಬೇರೆ ಬರೆದಿದ್ದ. ಯಾರ ಹುಡುಗರು ಆ ಜಗುಲಿಯ ಮೇಲೆ ಕೂತಿದ್ದರೋ, ಆ ನಾಯಕನ ಪಿ.ಎ. ಕೂಡ ಆ ಗುಂಪಿನಲ್ಲಿದ್ದ, ಆಗಲೇ ಆನ್‌ಲೈನ್ ಇದ್ದದ್ದೂ ನನ್ನ ಕಣ್ಣಿಗೆ ಬಿತ್ತು.

ಕೂಡಲೇ ಕರೆ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ, ರಿಂಗಾಗಿ ನಿಂತಿತು. ಮ್ಯಾಪಿನಲ್ಲಿ ಅವನು ಕಾಲೋನಿಯಿಂದ ರಸ್ತೆ ಬಿಟ್ಟು ಹೊಲಗಳ ಕಡೆ ಸರಿಯುತ್ತಿದ್ದ. ಬೈಕು ಹೋಗುವ ದಾರಿಯಲ್ಲ ಅದು. ಊರಿನ ಅಂಚಿನಲ್ಲಿ, ಸುತ್ತ ಹಿಪ್ಪುನೇರಳೆ ಇರುವ ಒಂದು ಒಂಟಿ ಕಟ್ಟಡದ ಮೇಲೆ ಅವನ ಮುಖ ನಿಂತಿತು. ಆಮೇಲೆ ಫೋನು ಸ್ವಿಚ್ ಆಫ್. ಆ ಮ್ಯಾಪಿನ ಚಿತ್ರವೊಂದನ್ನು ಉಳಿಸಿಕೊಂಡೆ.

ಚುನಾವಣಾ ಕಂಟ್ರೋಲ್ ರೂಮಿಗೆ ತಿಳಿಸಿದೆ. ಫ್ಲೈಯಿಂಗ್ ಸ್ಕ್ವಾಡ್ ಶ್ರೀನಿವಾಸಪುರದ ಗಡಿ ಚೆಕ್‌ಪೋಸ್ಟಿನಲ್ಲಿದೆ, ಕಳಿಸುತ್ತೇವೆ ಎಂದರು. ತಾಲ್ಲೂಕಿನ ಪೊಲೀಸರಿಗೆ ಫೋನು ಮಾಡಿದಾಗ, ಲೊಕೇಶನ್ ವಾಟ್ಸಾಪ್ ಮಾಡಿ ಎಂದರು. ಕಳಿಸಲು ಹೋದವಳು ತಡೆದುಕೊಂಡೆ. ಅದೇ ನಂಬರು ಆ ಗುಂಪಿನಲ್ಲೂ ಇತ್ತು. ಊರಿನ ಹೆಸರಷ್ಟೇ ಹೇಳಿದೆ. ಒಬ್ಬ ಛಾಯಾಗ್ರಾಹಕನ ಕಾರು ಹತ್ತಿ ಮುಳಬಾಗಿಲಿನ ಕಡೆ ಹೊರಟೆ. ದಾರಿಯಲ್ಲಿ ಪೊಲೀಸರ ಕರೆ ಬಂತು: ಊರಿನಲ್ಲಿ ಯಾರೂ ಇಲ್ಲ, ಕಾರ್ಡೂ ಇಲ್ಲ, ಹೆಡ್‌ಲೈಟ್ ಒಡೆದ ಒಂದು ಬೈಕು ಮಾತ್ರ ಚರಂಡಿಯಲ್ಲಿ ಬಿದ್ದಿದೆ. ಅವನ ಹೆಂಡತಿಗೆ ಏನೆಂದು ಹೇಳಲಿ ಎಂಬುದೊಂದೇ ಆಗ ನನ್ನ ತಲೆಯಲ್ಲಿತ್ತು. ಛಾಯಾಗ್ರಾಹಕ ಏನೋ ಸಮಾಧಾನ ಹೇಳಲು ಬಂದರೆ ಅವನ ಮೇಲೂ ರೇಗಿದೆ.

ಆಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಹೆಂಗಸಿನ ದನಿ.

“ಅಮ್ಮಾ, ಪೇಪರ್ನೋರಾ? ನಿಮ್ಮೋನೊಬ್ಬ ನಮ್ಮ ಹುಳದ ಮನೇಲವ್ನೆ. ಈ ನಂಬರ್ ಅವ್ನೇ ಕೊಟ್ಟಿದ್ದು. ಜಾಸ್ತಿ ಏಟೇನೂ ಬಿದ್ದಿಲ್ಲ. ಕಾರು ಗೀರು ತಕೊಂಡು ಊರೊಳಕ್ಕೆ ಬರಬ್ಯಾಡಿ. ಹೊತ್ತು ಇಳೀಲಿ, ಕಡ್ಡಿ ಬಿಸಾಕೋಕೆ ಬರೋವಾಗ ನಾನೇ ಕರ್ಕೊಂಡ್ ಬತ್ತೀನಿ. ರಸ್ತೆ ಪಕ್ಕ ತಿಪ್ಪೆ ಐತೆ, ಅಲ್ಲಿರಿ.”

ಹುಳದ ಮನೆ ಎಂದರೆ ರೇಷ್ಮೆ ಹುಳು ಸಾಕುವ ಮನೆ. ಅಲ್ಲಿ ಏನಾಯಿತೆಂಬುದನ್ನು ಅವನು ಆಮೇಲೆ ಹೇಳಿದ. ಕಾಲೋನಿಯಲ್ಲಿ ನಾಲ್ಕೈದು ಜನ ಅವನ ಕೊರಳಪಟ್ಟಿ ಹಿಡಿದು, ಬೈಕು ಕೆಡವಿ, ದೊಣ್ಣೆ ಎತ್ತಿದ್ದರು. ಕೊಸರಿಕೊಂಡು ಹಿಪ್ಪುನೇರಳೆ ತೋಟದೊಳಗೆ ಓಡಿದವನು ಆ ಬಾಗಿಲಿಗೆ ಬಂದು ಬಿದ್ದ. ಒಳಗಿಂದ ಬಂದ ಹೆಂಗಸು ಅವನ ಹರಿದ ಅಂಗಿ ನೋಡಿದಳು, ಹಿಂದೆ ಬರುತ್ತಿದ್ದ ಗದ್ದಲ ಕೇಳಿದಳು. ಏನೂ ಕೇಳದೆ ಒಳಗೆ ಬಾ ಎಂದಳು. ಆದರೆ ಅಷ್ಟು ಅವಸರದಲ್ಲೂ ಚಪ್ಪಲಿ ಬಿಡಿಸಿ, ಹೊಸಿಲ ಮುಂದಿದ್ದ ಬ್ಲೀಚಿಂಗ್ ನೀರಿನ ಬಾಂಡಲಿಯಲ್ಲಿ ಅವನ ಎರಡೂ ಕಾಲು ಅದ್ದಿಸಿಯೇ ಒಳಗೆ ಬಿಟ್ಟಳಂತೆ. “ಪ್ರಾಣ ಹೋಗ್ತೈತೆ ಅಂದ್ರೆ, ಕಾಲ್ ತೊಳಿ ಅಂತಾರೆ ಮೇಡಂ!” ಎಂದು ಅವನು ಹೇಳುವಾಗ ನಗುತ್ತಲೂ ಇದ್ದ, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದ.

ಬೆನ್ನಟ್ಟಿ ಬಂದವರು “ಪೇಪರೋಡು ಇಟ್ಲ ವಚ್ಚಿನಾಡಾ?” ಎಂದು ತೆಲುಗಿನಲ್ಲಿ, ಪೇಪರಿನವನು ಇತ್ತ ಬಂದನೇ ಎಂದು ಕೇಳಿದರು. ಸಿಕ್ಕರೆ ಇಲ್ಲೇ ಹೂಳುತ್ತೇವೆ ಎಂದೂ ಅಂದರು. ಅವಳು ಬಾಗಿಲಿಗೆ ಅಡ್ಡ ನಿಂತು, ಹುಳು ನಾಲ್ಕನೇ ಜ್ವರ ಎದ್ದಿದೆ, ಹೊರಗಿನವರ ಕಾಲು ಒಳಗೆ ಬಿದ್ದರೆ ಬೆಳೆ ಹೋಗುತ್ತದೆ, ಹೋದರೆ ಕಟ್ಟಿಕೊಡುವವರು ಯಾರು ಎಂದು ಗಟ್ಟಿಯಾಗಿ ಕೂಗಾಡಿದಳು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಗೂಡು ಕಟ್ಟುವವರೆಗೆ ಹುಳದ ಮನೆಗೆ ನೆಂಟರನ್ನೂ ಬಿಡುವುದಿಲ್ಲ. ಬಂದವರಲ್ಲಿ ಹೆಚ್ಚಿನವರ ಮನೆಯಲ್ಲೂ ಹುಳ ಇತ್ತು. ಮನುಷ್ಯನನ್ನು ಹೂಳಲು ತಯಾರಿದ್ದವರು ಆ ಹೊಸಿಲು ದಾಟಲಿಲ್ಲ. ಅವನು ಸೊಪ್ಪು ಹರಡಿದ ಅಟ್ಟಣಿಗೆಗಳ ಹಿಂದೆ, ಹುಳು ತಿನ್ನುವ ಚರಚರ ಸದ್ದಿನ ನಡುವೆ, ಫೋನು ಆಫ್ ಮಾಡಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದ.

ಬಿಸಿಲು ಇಳಿದಾಗ ಹುಳು ತಿಂದುಳಿಸಿದ ಕಡ್ಡಿ, ಹಿಕ್ಕೆ ತುಂಬಿದ ಮಂಕರಿ ಹೊತ್ತ ಇಬ್ಬರು ತಿಪ್ಪೆಯ ಕಡೆ ನಡೆದು ಬಂದರು. ಮುಂದೆ ಆ ಹೆಂಗಸು. ಹಿಂದೆ ಲುಂಗಿ ಉಟ್ಟು, ತಲೆಗೆ ಟವೆಲ್ ಸುತ್ತಿದ, ಮಂಕರಿಯ ನೆರಳಿನಲ್ಲಿ ಮುಖ ಕಾಣದ ಕೂಲಿಯವನು. ಮಂಕರಿ ಸುರಿದು ಅವನು ಕಾರು ಹತ್ತಿದ. ಅವಳು ನನ್ನ ಕಡೆ ನೋಡಿ, “ಲುಂಗಿ ನಮ್ಮೆಜಮಾನ್ರದು, ಯಾವಾಗಾದ್ರೂ ಕೊಡಿ” ಎಂದಷ್ಟೇ ಹೇಳಿ ಖಾಲಿ ಮಂಕರಿ ಎತ್ತಿಕೊಂಡು ಹೊರಟಳು. ನಾನು ಕೈ ಮುಗಿದದ್ದನ್ನು ಅವಳು ನೋಡಲಿಲ್ಲ.

ಕೋಲಾರಕ್ಕೆ ಬಂದರೆ ಸಂಪಾದಕರು ಮುಖಪುಟ ಖಾಲಿ ಬಿಟ್ಟು ಕಾಯುತ್ತಿದ್ದರು. ‘ನಮ್ಮ ವರದಿಗಾರನ ಮೇಲೆ ಹಲ್ಲೆ’ ಎಂದು ದೊಡ್ಡದಾಗಿ, ಅವನ ಹೆಸರು, ಚಿತ್ರ, ಹುಳದ ಮನೆಯಲ್ಲಿ ಅಡಗಿದ ಕಥೆ ಎಲ್ಲ ಬರಲಿ ಎಂದರು. ಸುದ್ದಿಯ ದೃಷ್ಟಿಯಿಂದ ಅವರು ಹೇಳಿದ್ದು ಸರಿ. ಆದರೆ ಅದು ಅವನೊಬ್ಬನ ಸುದ್ದಿಯಾದರೆ ಅವನೊಬ್ಬನನ್ನು ಹೊಡೆದರೆ ಮುಗಿಯಿತು. ಹುಳದ ಮನೆಯೆಂದು ಒಂದು ಪದ ಬಂದರೂ ಆ ಊರಿನವರಿಗೆ ಬಾಗಿಲು ಯಾವುದೆಂದು ಗೊತ್ತಾಗುತ್ತದೆ.

“ಇದು ಎಲ್ಲ ಪತ್ರಿಕೆಯಲ್ಲೂ ಒಟ್ಟಿಗೆ ಬರಲಿ ಸರ್. ಒಂದೇ ಕಾಪಿ. ಯಾರ ಹೆಸರೂ ಬೇಡ” ಎಂದೆ.

“ಈ ಕಾಪಿ ಹಂಚೋದನ್ನ ಬೈತಿದ್ದವಳು ನೀನೇ ಅಲ್ವಾ?”

“ಬೈತಿದ್ದೆ ಸರ್. ಇವತ್ತು ನಾನೇ ಹಂಚ್ತೀನಿ.”

ಸಂಪಾದಕರು ಒಪ್ಪಲು ಹೊತ್ತು ಹಿಡಿಯಿತು. ಎದುರಾಳಿ ಪತ್ರಿಕೆಗಳ ಡೆಸ್ಕಿಗೆ ನಾನೇ ಒಂದೊಂದಾಗಿ ಫೋನು ಮಾಡಿದೆ. ಕೆಲವರು ತಮಾಷೆ ಮಾಡಿದರು, ಒಬ್ಬರು ತಮ್ಮ ಮಾಲೀಕರು ಬಿಡುವುದಿಲ್ಲ ಎಂದರು, ಉಳಿದವರು ಕಳಿಸು ಎಂದರು. ವೋಟರ್ ಕಾರ್ಡಿನ ವಿಷಯ, ಜಗುಲಿಯ ಚಿತ್ರ, ಸಾಲಿನಲ್ಲಿ ನಿಂತ ಹೆಂಗಸರ ಮುಖ ಮಸುಕು ಮಾಡಿದ್ದು, ವರದಿಗೆ ಹೋದವರನ್ನು ಬೆದರಿಸಲಾಯಿತು ಎಂಬ ಒಂದು ಸಾಲು. ಇಷ್ಟೇ.

ಮಾರನೆಯ ದಿನ ಪಿ.ಎ. ಫೋನು ಮಾಡಿದ. “ಮೇಡಂ, ಬರೆದಿದ್ದು ಯಾರು? ಎಲ್ಲಾದ್ರಲ್ಲೂ ಅಕ್ಷರ ಅಕ್ಷರ ಒಂದೇ ಐತಲ್ಲ?”

“ನಮ್ಮ ತಾಲ್ಲೂಕಿನವರು ಯಾವತ್ತು ಬೇರೆ ಬೇರೆ ಬರೆದಿದ್ದಾರೆ ಹೇಳಿ” ಎಂದೆ.

ಚುನಾವಣಾ ಅಧಿಕಾರಿಗಳು ಆ ದಿನವೇ ಕಾಲೋನಿಗೆ ಹೋಗಿ ಕಾರ್ಡುಗಳನ್ನು ಹುಡುಕಿಸಿ ಹಿಂದಿರುಗಿಸಿದರು. ನಮ್ಮವರು ಹಿಗ್ಗಿದರು, ನಾನೂ ಹಿಗ್ಗಿದೆ. ಅಷ್ಟರಲ್ಲಿ ಹಲ್ಲೆಯ ಬಗ್ಗೆ ನಾವು ಕೊಟ್ಟಿದ್ದ ದೂರಿಗೆ ಠಾಣೆಯಲ್ಲಿ ಎದುರು ದೂರು ದಾಖಲಾಗಿತ್ತು. ಮುಳಬಾಗಿಲಿನ ವರದಿಗಾರ ಸುದ್ದಿ ಹಾಕದಿರಲು ಹಣ ಕೇಳಿದ, ಕೊಡುವುದಿಲ್ಲ ಎಂದಾಗ ಬೈಕು ತಾನೇ ಕೆಡವಿಕೊಂಡು ಓಡಿದ ಎಂದು.

ನಮ್ಮ ದೂರಿನ ಹೇಳಿಕೆ ಕೊಡಲು ಅವನ ಜೊತೆ ನಾನೂ ಹೋದೆ. ಠಾಣೆಯ ಅಧಿಕಾರಿ ಒರಟರಲ್ಲ, ಟೀ ತರಿಸಿದರು.

“ಅವರ ಕಡೆ ಸಾಕ್ಷಿ ಹೇಳೋರು ಐದಾರು ಜನ ಇದಾರೆ. ನಿಮ್ಮ ಕಡೆ ಯಾರೂ ಇಲ್ಲ. ಬೆಳಿಗ್ಗೆ ಓಡಿದೋರು ಸಂಜೆ ಸಿಕ್ಕಿದೀರ. ನಡುವೆ ಎಲ್ಲಿದ್ರಿ?”

“ಅದನ್ನ ಹೇಳಲ್ಲ ಸಾರ್.”

“ಹೇಳಲ್ಲ ಅಂದ್ರೆ?”

“ಹೇಳಲ್ಲ ಅಂದ್ರೆ ಹೇಳಲ್ಲ ಸಾರ್. ಬೇರೆ ಏನ್ ಬೇಕಾದ್ರೂ ಕೇಳಿ.”

ಅವರು ನನ್ನ ಕಡೆ ತಿರುಗಿದರು. “ನಿಮ್ಮವರು ಎಲ್ಲಿದಾರೆ ಅಂತ ಪ್ರತಿ ಕ್ಷಣ ಗೊತ್ತಿರುತ್ತೆ ಅಂತ ಸಭೇಲಿ ಹೇಳಿದ್ರಲ್ಲ ಮೇಡಂ? ಆ ಮ್ಯಾಪ್ ಕೊಡಿ. ಅಲ್ಲಿ ಯಾರಿದ್ರೋ ಅವರನ್ನ ಕೇಳ್ತೀವಿ. ನಿಮ್ಮ ಹುಡುಗನಿಗೇ ಒಳ್ಳೇದು.”

ಫೋನು ನನ್ನ ಮಡಿಲಲ್ಲೇ ಇತ್ತು. ಆ ಒಂಟಿ ಕಟ್ಟಡ, ಅದರ ಮೇಲೆ ನಿಂತ ಮುಖ, ಎಲ್ಲ ಅದರೊಳಗಿತ್ತು. ಅವನನ್ನು ಕಾಪಾಡಲೆಂದು ನಾನು ಮಾಡಿದ ವ್ಯವಸ್ಥೆ ಅವನನ್ನು ಕಾಪಾಡಿದವಳ ಮನೆಗೆ ದಾರಿ ತೋರಿಸಲು ತಯಾರಾಗಿತ್ತು. ಇದು ಮೊದಲೇ ನನಗೆ ಹೊಳೆಯಬೇಕಿತ್ತು. ಅಧಿಕಾರಿಗೆ ಕೊಟ್ಟರೆ ಅದು ಕಡತಕ್ಕೆ ಹೋಗುತ್ತದೆ, ಕಡತದಿಂದ ಎದುರಿನ ವಕೀಲರಿಗೆ, ಅಲ್ಲಿಂದ ಊರಿಗೆ. ಕೊಡದಿದ್ದರೆ ಇವನು ಸುಲಿಗೆಯವನಾಗಿ ಉಳಿಯುತ್ತಾನೆ. ಪಕ್ಕದಲ್ಲಿ ಅವನು ತಲೆಯನ್ನು ಸಣ್ಣಗೆ ಅಡ್ಡಡ್ಡ ಆಡಿಸಿದ.

“ಕೊಡಲ್ಲ ಸರ್” ಎಂದೆ.

“ನೋಟಿಸ್ ಕೊಟ್ರೆ?”

“ಕೊಡಿ. ವಕೀಲರ ಮೂಲಕ ಉತ್ತರ ಕೊಡ್ತೀನಿ.”

ಅವರು ನಿಟ್ಟುಸಿರು ಬಿಟ್ಟರು. ಚುನಾವಣೆ ಮುಗಿದ ಮೇಲೆ ಒಂದು ದಿನ ಗೊತ್ತು ಮಾಡಿ, ಅಷ್ಟರೊಳಗೆ ಸಾಕ್ಷಿ ತರದಿದ್ದರೆ ನಮ್ಮ ದೂರಿಗೆ ಬಿ ರಿಪೋರ್ಟ್ ಹಾಕಿ ಮುಚ್ಚುವುದಾಗಿಯೂ, ಅವರ ದೂರು ಮುಂದಕ್ಕೆ ಹೋಗುವುದಾಗಿಯೂ ಹೇಳಿದರು.

ಅಂದಿನಿಂದ ಮ್ಯಾಪು ಬಿಟ್ಟೆ. ಊರು ತಲುಪಿದಾಗ ಒಂದು ಮಿಸ್ಡ್ ಕಾಲ್, ಹೊರಟಾಗ ಇನ್ನೊಂದು. ಅದೇ ನಮ್ಮ ಹೊಸ ವ್ಯವಸ್ಥೆಯಾಯಿತು. ಚಿತ್ರ ಹಂಚಲು ವರದಿಗಾರರು ಮಾತ್ರ ಇರುವ ಬೇರೆ ಗುಂಪು ಮಾಡಿದೆವು. ಮತದಾನದ ದಿನ ನಾಲ್ಕೂ ತಾಲ್ಲೂಕಿನಲ್ಲಿ ಯಾರಿಗೂ ಏನೂ ಆಗದೆ ಮುಗಿಯಿತು. ಆದರೆ ಮುಳಬಾಗಿಲಿನವನ ಅಂಗಡಿಗೆ ಗಿರಾಕಿ ಕಡಿಮೆಯಾದರು. ಬಸ್ ನಿಲ್ದಾಣದಲ್ಲಿ ಅವನನ್ನು ನೋಡಿ ‘ವಸೂಲಿ ಪೇಪರ್’ ಎಂದು ಕೂಗುತ್ತಿದ್ದರು. ಹೆಂಡತಿ ಹೆಂಗಸರ ಸಂಘದ ಸಭೆಗೆ ಹೋಗುವುದನ್ನು ನಿಲ್ಲಿಸಿದ್ದಳು. ಅವನು ಒಂದು ಸಲವೂ ನನ್ನ ಹತ್ತಿರ ಹೇಳಿಕೊಳ್ಳಲಿಲ್ಲ, ನನಗೆ ಅದೇ ಹೆಚ್ಚು ಸಂಕಟವಾಗುತ್ತಿತ್ತು.

ಗೊತ್ತು ಮಾಡಿದ ದಿನ ಹತ್ತಿರ ಬಂದಾಗ ಆ ಹೆಂಗಸಿನ ಕರೆ ಬಂತು.

“ಆಯಪ್ಪನ ಮೇಲೆ ಕೇಸ್ ಆಗೈತಂತಲ್ಲಮ್ಮ? ದುಡ್ಡಿಗೆ ಬಂದಿದ್ದ ಅಂತ ಇಲ್ಲೆಲ್ಲಾ ಮಾತಾಡ್ಕೊಂತಾವ್ರೆ. ಗೂಡು ಮಾರ‍್ಕೊಂಡು ಬರೋವರೆಗೂ ಹುಳ ಬಿಟ್ಟು ಅಲ್ಲಾಡೋಕೆ ಆಗಿರಲಿಲ್ಲ ನನಗೆ. ಈಗ ಬಂದು ಹೇಳಿದ್ರೆ ಆಯ್ತದಾ?”

“ಬೇಡಮ್ಮ. ನಿಮ್ಮ ಹೆಸರು ಎಲ್ಲೂ ಬರದ ಹಾಗೆ ನೋಡಿಕೊಂಡಿದ್ದೀವಿ. ಅವರೆಲ್ಲ ನಿಮ್ಮೂರಿನವರು. ನೀವು ಅಲ್ಲೇ ಬಾಳಬೇಕು.”

“ಆಯಪ್ಪನೂ ಬಾಳಬೇಕಲ್ಲಮ್ಮ. ನನ್ನ ಒಂದು ಮಾತು ಕೇಳ್ದೆ ನೀವಿಬ್ರೇ ತೀರ್ಮಾನ ಮಾಡ್ಕೊಂಡ್ರಾ?”

ಅವಳನ್ನು ಕಾಪಾಡುತ್ತಿದ್ದೇವೆಂದು ಅಷ್ಟು ದಿನ ಅಂದುಕೊಂಡಿದ್ದವಳಿಗೆ, ಅವಳನ್ನು ಕೇಳಬೇಕೆಂದೇ ತೋಚಿರಲಿಲ್ಲ. ಇದ್ದದ್ದನ್ನೆಲ್ಲ ಬಿಡಿಸಿ ಹೇಳಿದೆ. ಠಾಣೆಯಲ್ಲಿ ಏನು ಕೇಳುತ್ತಾರೆ, ಮುಂದೆ ಕೋರ್ಟಿಗೂ ಬರಬೇಕಾಗುತ್ತದೆ, ಎದುರಿನ ವಕೀಲರು ಏನೆಲ್ಲ ಅನ್ನಬಹುದು, ಊರಿನಲ್ಲಿ ನೀರು ಸೊಪ್ಪಿಗೂ ತಕರಾರು ತೆಗೆಯಬಹುದು. ಅವಳು ಹೂಂಗುಟ್ಟುತ್ತ ಪೂರಾ ಕೇಳಿದಳು. ನಡುವೆ ಫೋನು ಬದಿಗಿಟ್ಟು ಗಂಡನೊಂದಿಗೆ ತೆಲುಗಿನಲ್ಲಿ ಏನೋ ಮಾತಾಡಿದಳು.

“ಯಾವತ್ತು ಬರ್ಬೇಕು, ಅದು ಹೇಳಮ್ಮ” ಎಂದಳು.

ಹೇಳಿದೆ. ಆಮೇಲೆ ಅವನಿಗೆ ಫೋನು ಮಾಡಿದರೆ ಅವನು ನನ್ನ ಮೇಲೆ ಮೊದಲ ಸಲ ದನಿ ಏರಿಸಿದ. “ಯಾಕ್ ಮೇಡಂ ಹೇಳಿದ್ರಿ? ಆಯಮ್ಮನ ಗತಿ ಏನು?”

“ಅವರು ಕೇಳಿದ್ರು ಕಣ್ರೀ” ಎಂದೆ. ಹೊಸ ಗುಂಪಿಗೆ, ಆ ದಿನ ಎಲ್ಲರೂ ಮುಳಬಾಗಿಲು ಬಸ್ ನಿಲ್ದಾಣಕ್ಕೆ ಬನ್ನಿ ಎಂದು ಒಂದೇ ಸಾಲು ಬರೆದು ಹಾಕಿದೆ.

ಆ ದಿನ ಅವಳು ಗಂಡನ ಜೊತೆ ಮುಳಬಾಗಿಲಿನಲ್ಲಿ ಬಸ್ಸಿಳಿದಾಗ ನಿಲ್ದಾಣದಲ್ಲಿ ನಾವೆಲ್ಲ ನಿಂತಿದ್ದೆವು. ಮಾಲೂರಿನವರು, ಶ್ರೀನಿವಾಸಪುರದವರು, ಕೋಲಾರದ ಎಲ್ಲ ಡೆಸ್ಕಿನವರು, ಮಾಲೀಕರು ಬಿಡುವುದಿಲ್ಲ ಎಂದಿದ್ದವರೂ ಬಂದಿದ್ದರು. ಅಂಗಡಿಗಳ ಮುಂದೆ ಕೂತಿದ್ದ ಅವಳ ಊರಿನ ಕೆಲವರು ಎದ್ದು ನಿಂತು ನೋಡಿದರು. ಅವಳು ನಮ್ಮ ಗುಂಪು ಕಂಡು ಗಾಬರಿಯಾಗಿ, “ಇಷ್ಟೊಂದ್ ಜನ ಯಾಕಮ್ಮ?” ಎಂದಳು. “ಜೊತೆಗೆ” ಎಂದೆ. ಅವಳನ್ನು ನಡುವೆ ಬಿಟ್ಟುಕೊಂಡು ಠಾಣೆಯವರೆಗೂ ನಡೆದೆವು. ಅಷ್ಟು ಜನ ಪತ್ರಕರ್ತರಿದ್ದೂ ಯಾರೂ ಕ್ಯಾಮೆರಾ ಹೊರಗೆ ತೆಗೆಯಲಿಲ್ಲ.